ಅಪ್‌ಡೇಟ್: ಯುಎಸ್‌ಬಿ ಸಿಕ್ಕಿಸಿದರೆ ಬೂಟ್ ಆಗದ ಕಂಪ್ಯೂಟರ್ ಸರಿಹೋಯ್ತು

ಯುಎಸ್‌ಬಿ ಸಾಧನಗಳಿದ್ದರೆ ನನ್ನ ಡೆಸ್ಕ್‌ಟಾಪ್ ಲೋಗೋದಲ್ಲೇ ನಿಂತುಬಿಡುತ್ತೆ, ಎಲ್ಲ ಕಿತ್ತರೆ ಬೂಟ್ ಆಗುತ್ತೆ ಅಂತ ಕೇಳಿದ್ದೆನಲ್ಲ, ಕಾರಣ ಸಿಕ್ಕಿತು.

ಬೂಟ್ ಆರ್ಡರ್‌ನಲ್ಲಿ (ಕಂಪ್ಯೂಟರ್ ಯಾವ ಡ್ರೈವ್‌ನಿಂದ ಮೊದಲು ಶುರುವಾಗಬೇಕು ಅನ್ನೋ ಪಟ್ಟಿ) ಎಸ್‌ಎಸ್‌ಡಿ ಡ್ರೈವನ್ನ ಮೊದಲಿಗೆ ತಂದೆ, ಪ್ರಯೋಜನ ಆಗಲಿಲ್ಲ. ಬೇಗ ಶುರುವಾಗೋಕೆ ಇರೋ ಫಾಸ್ಟ್ ಬೂಟ್ ಸೆಟ್ಟಿಂಗ್ ಆಫ್ ಮಾಡಿದ್ದೂ ಅಷ್ಟೇ. ಕೆಲಸಕ್ಕೆ ಬಂದಿದ್ದು "ಒಂದೊಂದೇ ಕಿತ್ತು ನೋಡಿ" ಅನ್ನೋ ಸಲಹೆ. ಕೊಟ್ಟವರಿಗೆ ತುಂಬಾ ಥ್ಯಾಂಕ್ಸ್. ಕೀಬೋರ್ಡ್, ಮೌಸ್, ಪ್ರಿಂಟರ್ ಯಾವುದೂ ಅಲ್ಲ, ಸ್ವಂತ ಪವರ್ ಅಡಾಪ್ಟರ್ ಇರೋ ಯುಎಸ್‌ಬಿ ಹಬ್ಬೇ (ಒಂದು ಪೋರ್ಟಿಗೆ ಹಲವು ಸಾಧನ ಸಿಕ್ಕಿಸೋ ಡಬ್ಬಿ) ತೊಂದರೆ ಕೊಡ್ತಿತ್ತು.

ನನಗೆ ಆಶ್ಚರ್ಯ ಆಗಿದ್ದು ಇಲ್ಲಿ: ಕಂಪ್ಯೂಟರಿನ ಪವರ್ ಕೇಬಲ್ ಪೂರ್ತಿ ಕಿತ್ತರೂ ಮದರ್‌ಬೋರ್ಡ್ (ಒಳಗಿನ ಮುಖ್ಯ ಬೋರ್ಡ್) ಮೇಲಿನ ಸಣ್ಣ ಎಲ್‌ಇಡಿ ಮಂಕಾಗಿ ಉರೀತಾನೇ ಇತ್ತು! ಹಬ್ ತನ್ನ ಅಡಾಪ್ಟರಿನ 5 ವೋಲ್ಟನ್ನ ಯುಎಸ್‌ಬಿ ಕೇಬಲ್ಲಲ್ಲೇ ಹಿಂದಕ್ಕೆ ಬೋರ್ಡಿಗೆ ಹರಿಸ್ತಿತ್ತು. ಹಾಗಾಗಿ ಬೋರ್ಡ್ ಪೂರ್ತಿ ಆಫ್ ಆಗದೆ, ಮತ್ತೆ ಆನ್ ಮಾಡಿದಾಗ ಸರಿಯಾಗಿ ರೀಸೆಟ್ ಆಗ್ತಿರಲಿಲ್ಲ. ಒಳ್ಳೆಯ ಹಬ್‌ಗಳಲ್ಲಿ ಇದನ್ನ ತಡೆಯೋ ಸರ್ಕ್ಯೂಟ್ ಇರುತ್ತೆ. ಅಂಥದ್ದೊಂದು ತಂದು ಹಾಕಿದೆ, ಈಗ ಎಲ್ಲ ಸಿಕ್ಕಿಸಿಟ್ಟರೂ ಸಲೀಸಾಗಿ ಬೂಟ್ ಆಗ್ತಿದೆ.

ಇದೇ ತೊಂದರೆ ಇರೋರು ಬಯೋಸ್‌ಗೆ (ವಿಂಡೋಸ್ ಬರೋ ಮೊದಲೇ ತೆರೆಯೋ ಮದರ್‌ಬೋರ್ಡಿನ ಸೆಟ್ಟಿಂಗ್ಸ್) ಕೈ ಹಾಕೋ ಮೊದಲು ಹಬ್ಬಿನ ಅಡಾಪ್ಟರ್ ಕಿತ್ತು ನೋಡಿ. ಅಲ್ಲಿರೋ ಲೆಗಸಿ ಯುಎಸ್‌ಬಿ ಸಪೋರ್ಟ್ ಅನ್ನೋ ಸೆಟ್ಟಿಂಗ್ ಮಾತ್ರ ಸುಮ್ಮನೆ ಆಫ್ ಮಾಡಬೇಡಿ, ಮಾಡಿದರೆ ಕೆಲವು ಬೋರ್ಡ್‌ಗಳಲ್ಲಿ ವಿಂಡೋಸ್ ಬರೋವರೆಗೂ ಕೀಬೋರ್ಡೇ ಕೆಲಸ ಮಾಡಲ್ಲ.