ಬೆಕ್ಕಿನ ಶುಗರ್ ಮನೆಯಲ್ಲೇ ನೋಡುವುದು ಹೇಗೆ? ಮಾಡಿ ಅಭ್ಯಾಸ ಇರುವವರು ಹೇಳಿ

ಪ್ರಶ್ನೆ: ನಮ್ಮ ಬೆಕ್ಕಿಗೆ ಶುಗರ್ ಇದೆ. ಎರಡು ಹೊತ್ತು ಇನ್ಸುಲಿನ್ ಶುರುವಾಗಿದೆ. ಮನೆಯಲ್ಲೇ ರಕ್ತ ನೋಡುತ್ತಿರಿ ಎಂದು ಡಾಕ್ಟರ್ ಹೇಳಿದ್ದಾರೆ. ಕಿವಿಗೆ ಚುಚ್ಚಿದರೆ ರಕ್ತವೇ ಬರುವುದಿಲ್ಲ. ಬಂದರೂ ಕೂದಲಿಗೆ ಹರಡಿಬಿಡುತ್ತದೆ. ಅಷ್ಟರಲ್ಲಿ ಅದು ಮಂಚದ ಕೆಳಗೆ! ಮನುಷ್ಯರ ಮೀಟರ್ ನಡೆಯುತ್ತಾ? ನೀವೆಲ್ಲ ಹೇಗೆ ಮಾಡುತ್ತೀರಿ?

ಒಬ್ಬರು: ಕಿವಿ ತಣ್ಣಗಿದ್ದರೆ ರಕ್ತ ಬರುವುದಿಲ್ಲ, ಮೊದಲು ಅದನ್ನು ಬೆಚ್ಚಗೆ ಮಾಡಿ. ನಾನು ಹಳೇ ಕಾಲುಚೀಲಕ್ಕೆ ಒಂದು ಹಿಡಿ ಅಕ್ಕಿ ಹಾಕಿ, ಗಂಟು ಕಟ್ಟಿ, ಮೈಕ್ರೋವೇವ್‌ನಲ್ಲಿ ಸ್ವಲ್ಪ ಬಿಸಿ ಮಾಡುತ್ತೇನೆ. ನನ್ನ ಕೈಗೆ ಹಿತವೆನಿಸಿದರೆ ಮಾತ್ರ ಅದರ ಕಿವಿಗೆ. ಒದ್ದೆ ಬಟ್ಟೆ ಬೇಡ, ಕಿವಿ ಹಸಿಯಾದರೆ ಹನಿ ನಿಲ್ಲುವುದಿಲ್ಲ.

ಕಿವಿಯ ಅಂಚಿನ ಉದ್ದಕ್ಕೂ ಒಂದು ರಕ್ತನಾಳ ಹೋಗುತ್ತದೆ. ಹಿಂದಿನಿಂದ ಟಾರ್ಚ್ ಹಿಡಿದರೆ ಚೆನ್ನಾಗಿ ಕಾಣುತ್ತದೆ. ಆ ನಾಳಕ್ಕೂ ಅಂಚಿಗೂ ನಡುವೆ ಸಣ್ಣ ಜಾಗ ಇದೆಯಲ್ಲ, ಅಲ್ಲಿ ಚುಚ್ಚಿ. ಮೊದಲೇ ಆ ಜಾಗಕ್ಕೆ ತೆಳ್ಳಗೆ ವ್ಯಾಸಲೀನ್ ಸವರಿದರೆ ರಕ್ತ ಕೂದಲಿಗೆ ಹರಡದೆ ಹನಿಯಾಗಿ ನಿಲ್ಲುತ್ತದೆ. ಕಿವಿಯ ಇನ್ನೊಂದು ಬದಿಗೆ ಮಡಿಸಿದ ಟಿಶ್ಯೂ ಇಟ್ಟುಕೊಳ್ಳಿ. ಇಲ್ಲದಿದ್ದರೆ ಗೊತ್ತಾಗುವುದು ನಿಮ್ಮ ಶುಗರ್!

ಸೂಜಿಯ ಗೇಜ್ ಸಂಖ್ಯೆ ಹೆಚ್ಚಾದಷ್ಟೂ ಸೂಜಿ ತೆಳ್ಳಗೆ. ಶುರುವಿಗೆ 28 ಒಳ್ಳೆಯದು. 33 ತಂದರೆ ಸುಮ್ನೆ ಚುಚ್ಚಿದ್ದೇ ಬಂತು. ಸೂಜಿ ಹಾಕಿ ಚುಚ್ಚುವ ಪೆನ್ನಿನ ಟಕ್ ಶಬ್ದಕ್ಕೇ ಬೆಚ್ಚುವ ಬೆಕ್ಕಾದರೆ ಸೂಜಿಯನ್ನು ಕೈಯಲ್ಲೇ ಹಿಡಿದು ಚುಚ್ಚಿ. ಸ್ಟ್ರಿಪ್ ಮೊದಲೇ ಮೀಟರ್‌ನಲ್ಲಿರಲಿ. ತುದಿ ಮುಟ್ಟಿಸಿದರೆ ಸಾಕು, ಅದೇ ಹೀರಿಕೊಳ್ಳುತ್ತದೆ. ತಲೆ ಕೊಡವುತ್ತದೆ ಎಂದರೆ ಹನಿಯನ್ನು ನಿಮ್ಮ ಉಗುರಿನ ಮೇಲೆ ತೆಗೆದುಕೊಂಡು ಅಲ್ಲಿಂದ ಮುಟ್ಟಿಸಿ. ಆಮೇಲೆ ಚುಚ್ಚಿದ ಜಾಗವನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಚರ್ಮದಡಿ ರಕ್ತ ಕಟ್ಟುವುದಿಲ್ಲ.

ಇನ್ನೊಬ್ಬರು: ಮೀಟರ್ ಬಗ್ಗೆ ಹೇಳುತ್ತೇನೆ. ಮನುಷ್ಯರದ್ದು ನಡೆಯುತ್ತದೆ, ಆದರೆ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ನಮ್ಮ ರಕ್ತದ ಗ್ಲುಕೋಸ್‌ನಲ್ಲಿ ಸಾಕಷ್ಟು ಪಾಲು ಕೆಂಪು ಕಣಗಳ ಒಳಗಿರುತ್ತದೆ. ಬೆಕ್ಕಿನದು ಹೆಚ್ಚುಕಡಿಮೆ ಎಲ್ಲಾ ಪ್ಲಾಸ್ಮಾದಲ್ಲೇ, ಅಂದರೆ ರಕ್ತದ ದ್ರವ ಭಾಗದಲ್ಲೇ. ಮೀಟರ್ ಲೆಕ್ಕ ಹಾಕುವುದು ನಮ್ಮ ರಕ್ತಕ್ಕೆ ತಕ್ಕ ಹಾಗೆ. ಆಲ್ಫಾಟ್ರ್ಯಾಕ್‌ನಂಥ ಪ್ರಾಣಿಗಳ ಮೀಟರ್ ಸಿಕ್ಕರೆ ಒಳ್ಳೆಯದು, ಅದರಲ್ಲಿ ನಾಯಿಯೋ ಬೆಕ್ಕೋ ಎಂದು ಆರಿಸಿಕೊಳ್ಳಬಹುದು. ಸಿಗದಿದ್ದರೆ ಇರುವುದನ್ನೇ ಬಳಸಿ, ಆದರೆ ಯಾವಾಗಲೂ ಅದನ್ನೇ. ಡಾಕ್ಟರಿಗೆ ಅಂಕಿ ಹೇಳುವಾಗ ಯಾವ ಮೀಟರ್ ಎಂದೂ ಹೇಳಿ.

ನನ್ನ ಕೇಳಿದರೆ ಆಸ್ಪತ್ರೆಯ ಅಂಕಿಗಿಂತ ಮನೆಯದ್ದೇ ಮೇಲು. ಹೆದರಿಕೆಗೇ ಬೆಕ್ಕಿನ ಶುಗರ್ ಏರುತ್ತದೆ. ಶುಗರ್ ಕಾಯಿಲೆ ಇಲ್ಲದ ಬೆಕ್ಕಿಗೂ ಅಲ್ಲಿ 200 ದಾಟಬಹುದು.

ಮತ್ತೊಬ್ಬರು: ಮಂಚದ ಕೆಳಗಿನಿಂದ ಎಳೆದು ತಂದು ಚುಚ್ಚಬೇಡಿ ದಯವಿಟ್ಟು. ಕೆಲವು ದಿನ ಸೂಜಿಯೇ ಇಲ್ಲದೆ ಮಾಡಿ. ಅದೇ ಜಾಗ, ಅದೇ ಟವೆಲ್, ಕಿವಿ ಸವರುವುದು, ತಿಂಡಿ ಕೊಡುವುದು, ಅಷ್ಟೇ. ಆಮೇಲೆ ಸೂಜಿ. ರಕ್ತ ಬರಲಿ ಬಿಡಲಿ, ತಿಂಡಿ ಕೊಡಲೇಬೇಕು. ಬೇಯಿಸಿದ ಕೋಳಿ ಚೂರು ಸಾಕು. ಎರಡು ಸಲಕ್ಕೆ ಬರಲಿಲ್ಲ ಎಂದರೆ ಬಿಟ್ಟು ಸ್ವಲ್ಪ ಹೊತ್ತಾದ ಮೇಲೆ ನೋಡಿ. ನಮ್ಮದು ಈಗ ಮೀಟರ್ ಡಬ್ಬಿ ತೆಗೆದರೆ ತಾನೇ ಬಂದು ಕೂರುತ್ತದೆ. ಪ್ರೀತಿಗಲ್ಲ, ಕೋಳಿಗೆ! ಕಿವಿ ಮುಟ್ಟಿಸಿಕೊಳ್ಳಲೇ ಒಲ್ಲೆ ಎನ್ನುವ ಬೆಕ್ಕಿಗೆ ಪಂಜದ ಮೆತ್ತೆಯಲ್ಲೂ ತೆಗೆಯುತ್ತಾರೆ.

ಮೈಗೆ ಅಂಟಿಸುವ ಸೆನ್ಸರ್ ಕೂಡ ಇದೆ, ಫ್ರೀಸ್ಟೈಲ್ ಲಿಬ್ರೆ ತರಹದ್ದು. ಹೆಸರಿಗೆ ಎರಡು ವಾರ, ಬೆಕ್ಕಿನ ಮೈಮೇಲೆ ಎಷ್ಟೋ ಸಲ ಮೊದಲೇ ಕಿತ್ತು ಬರುತ್ತದೆ.

ಕೇಳಿದವರು: ಅಕ್ಕಿ ಕಾಲುಚೀಲ ಕೆಲಸ ಮಾಡಿತು, ಹನಿ ಬಂತು! ಆದರೆ ಇನ್ಸುಲಿನ್‌ಗೆ ಮೊದಲು 310 ತೋರಿಸಿತು. ಡೋಸ್ ಸ್ವಲ್ಪ ಜಾಸ್ತಿ ಮಾಡಲಾ?

ಮೊದಲನೆಯವರು: ಬೇಡ. ಒಂದು ಅಂಕಿ ನೋಡಿ ಡೋಸ್ ಮುಟ್ಟಬೇಡಿ. ಅದು ಇನ್ಸುಲಿನ್‌ಗೆ ಮೊದಲಿನ ಅಂಕಿ, ಹೆಚ್ಚಿರುವುದು ಸಹಜ. ಡಾಕ್ಟರಿಗೆ ಬೇಕಾಗಿರುವುದು ಮಧ್ಯದಲ್ಲಿ ಎಷ್ಟಕ್ಕೆ ಇಳಿಯಿತು ಎನ್ನುವುದು. ಅದಕ್ಕೇ ಕರ್ವ್ ಮಾಡಿಸುತ್ತಾರೆ, ಅಂದರೆ ದಿನವಿಡೀ ಶುಗರ್‌ನ ಏರಿಳಿತ ನೋಡುವುದು. ಇನ್ಸುಲಿನ್‌ಗೆ ಮೊದಲು ಒಮ್ಮೆ, ಆಮೇಲೆ ಎರಡು ಗಂಟೆಗೊಮ್ಮೆ, 12 ಗಂಟೆವರೆಗೆ. ಬಿಡುವಿರುವ ದಿನ ಮಾಡಿ. ಊಟ, ಇನ್ಸುಲಿನ್ ಕೊಟ್ಟ ಹೊತ್ತನ್ನೂ ಬರೆದಿಡಿ.

ಒಂದು ದಿನ 310 ಇದ್ದರೆ ಬೆಕ್ಕಿಗೆ ಕೂಡಲೇ ಏನೂ ಆಗುವುದಿಲ್ಲ. 50ಕ್ಕೆ ಇಳಿದರೆ ಆಗಬಹುದು. ತೂರಾಡುವುದು, ನಡುಕ, ವಿಪರೀತ ಹಸಿವು, ಮಂಕು ಕಂಡರೆ ಇನ್ಸುಲಿನ್ ಕೊಡದೆ ಮೊದಲು ಶುಗರ್ ನೋಡಿ. ಕಡಿಮೆಯಿದ್ದು ತಿನ್ನುವ ಸ್ಥಿತಿಯಲ್ಲಿದ್ದರೆ ಊಟ ಕೊಡಿ. ತಿನ್ನಲಾಗದಿದ್ದರೆ ಒಸಡಿಗೆ ಜೇನು ಸವರಿ, ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಫಿಟ್ಸ್ ಬಂದರೆ ಬಾಯೊಳಗೆ ಏನನ್ನೂ ಸುರಿಯಬೇಡಿ, ನೇರ ಆಸ್ಪತ್ರೆಗೆ ಹೊರಡಿ. ಎಷ್ಟಕ್ಕಿಂತ ಕಡಿಮೆಯಿದ್ದರೆ ಇನ್ಸುಲಿನ್ ಕೊಡಬಾರದು ಎಂದು ನಾಳೆಯೇ ಡಾಕ್ಟರನ್ನು ಕೇಳಿ, ಆ ಅಂಕಿಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿಬಿಡಿ. ಮನೆಯಲ್ಲಿ ಬೇರೆಯವರೂ ಇಂಜೆಕ್ಷನ್ ಕೊಡುತ್ತಾರೆ ಅಲ್ವಾ?