ನಡುವಯಸ್ಸಿನ ಸಣ್ಣಪುಟ್ಟ ಸುಖಗಳು ನೆನಪಿಗೆ ಬರುವುದಿಲ್ಲವೇಕೆ?

ಪ್ರಶ್ನೆ: ನಿವೃತ್ತ ಮೇಷ್ಟ್ರು, ಮೈಸೂರು

ಸರ್ಕಾರಿ ಪ್ರೌಢಶಾಲೆಯಿಂದ ಅರವತ್ತಕ್ಕೆ ನಿವೃತ್ತನಾದ ಮೇಲೆ, ಮಗಳ ಒತ್ತಾಯಕ್ಕೆ ಮಣಿದು, ನನ್ನ ಬದುಕಿನ ಸಣ್ಣಪುಟ್ಟ ಸಂತೋಷಗಳನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಮದುವೆ, ಬಡ್ತಿ, ಮನೆ ಕಟ್ಟಿಸಿದ್ದು ಮೊದಲಾದ ದೊಡ್ಡ ಸಂಗತಿಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ದುಡ್ಡು ಖರ್ಚಾಗದ, ಯಾರಿಗೂ ಹೇಳಿಕೊಳ್ಳುವಂಥದ್ದಲ್ಲದ ಸುಖಗಳಷ್ಟೇ ಅದರಲ್ಲಿ ಇರಬೇಕೆಂಬುದು ನನ್ನ ಆಸೆ.

ಬಾಲ್ಯದ ಭಾಗವನ್ನು ಬರೆಯಲು ಕಷ್ಟವಾಗಲಿಲ್ಲ. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ, ಮಳೆಗಾಲದ ಸಂಜೆ ಶಾಲೆಯಿಂದ ತೊಯ್ದು ತೊಪ್ಪೆಯಾಗಿ ಬಂದವನು ಬಚ್ಚಲೊಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಬಿಸಿ ಬೂದಿಯಲ್ಲಿ ಹಲಸಿನ ಬೀಜ ಹುಗಿಯುತ್ತಿದ್ದೆ. ಹುಗಿಯುವ ಮೊದಲು ಸಿಪ್ಪೆಯನ್ನು ಹಲ್ಲಿನಿಂದ ತುಸು ಸೀಳದಿದ್ದರೆ ಬೀಜ ಒಳಗೇ ಸಿಡಿದು ಮುಖಕ್ಕೆಲ್ಲ ಬೂದಿ ಎರಚುತ್ತಿತ್ತು. ಮೈಸೂರಿನಲ್ಲಿ ವಿದ್ಯಾರ್ಥಿನಿಲಯದಲ್ಲಿದ್ದ ಕಾಲವೂ ಹಾಗೆಯೇ ಕಣ್ಣಿಗೆ ಕಟ್ಟಿದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಗೆಳೆಯರೊಡನೆ ಒಂದೇ ಪೊಟ್ಟಣದ ಚುರುಮುರಿಗೆ ಕೈಹಾಕುತ್ತ, ಲೋಕದ ಸಮಸ್ಯೆಗಳನ್ನೆಲ್ಲ ಬಗೆಹರಿಸಿದ ಸಂಜೆಗಳನ್ನು ಎಷ್ಟು ಬರೆದರೂ ಮುಗಿಯಲಿಲ್ಲ.

ಆದರೆ ಮೂವತ್ತರಿಂದ ಐವತ್ತೈದರವರೆಗಿನ ಹಾಳೆಗಳು ಖಾಲಿ ಉಳಿದಿವೆ. ಹಾಸನ, ಚಿಕ್ಕಮಗಳೂರು, ಚಾಮರಾಜನಗರ ಜಿಲ್ಲೆಗಳಿಗೆ ಆದ ವರ್ಗಾವಣೆ, ನಿವೇಶನದ ಸಾಲ, ಜನಗಣತಿ, ಚುನಾವಣಾ ಕೆಲಸ, ಹತ್ತನೆಯ ತರಗತಿಯ ಮೌಲ್ಯಮಾಪನ, ಇವೆಲ್ಲ ಚೆನ್ನಾಗಿಯೇ ನೆನಪಿವೆ. ಸುಖ ಎಂದು ಬರೆಯಹೊರಟರೆ ಪೆನ್ನು ಮುಂದಕ್ಕೆ ಹೋಗುವುದಿಲ್ಲ. ಆ ಕಾಲದಲ್ಲಿ ನಾನು ದುಃಖಿಯಾಗಿದ್ದೆ ಎಂದೇನೂ ಅಲ್ಲ. ಹಾಗಾದರೆ ಸುಖವೇ ಇರಲಿಲ್ಲವೇ, ಅಥವಾ ಇದ್ದದ್ದು ಜಾರಿಹೋಯಿತೇ? ನಿಮ್ಮ ಅನುಭವವೂ ಹೀಗೆಯೇ ಇದೆಯೇ ಎಂದು ತಿಳಿಯುವ ಕುತೂಹಲವಿದೆ.

ಉತ್ತರ 1: ಮನಶ್ಶಾಸ್ತ್ರದ ಮಾಜಿ ಅಧ್ಯಾಪಕ, ಬೆಂಗಳೂರು

ಮೇಷ್ಟ್ರೇ, ಇದು ನಿಮ್ಮೊಬ್ಬರ ಕಥೆಯಲ್ಲ. 1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ರೂಬಿನ್ ಮತ್ತು ಸಂಗಡಿಗರು ಈ ವಿಷಯವನ್ನು ಗಮನಕ್ಕೆ ತಂದರು. ಇಂಥ ಅಧ್ಯಯನಗಳಲ್ಲಿ ವಯಸ್ಸಾದವರಿಗೆ ಒಂದೊಂದು ಪದವನ್ನು ಕೊಟ್ಟು, ಅದನ್ನು ಕೇಳಿದೊಡನೆ ಹೊಳೆಯುವ ಸ್ವಂತ ಅನುಭವ ಯಾವುದು, ಅದು ನಡೆದಾಗ ನಿಮಗೆಷ್ಟು ವಯಸ್ಸು ಎಂದು ವಿಚಾರಿಸುತ್ತಾರೆ. ಇತ್ತೀಚಿನ ಕೆಲವು ವರ್ಷಗಳ ಸಂಗತಿಗಳನ್ನು ಬಿಟ್ಟರೆ, ಉತ್ತರಗಳು ಸುಮಾರು ಹತ್ತರಿಂದ ಮೂವತ್ತರವರೆಗಿನ ವಯಸ್ಸಿನಲ್ಲಿ ಗುಂಪುಗೂಡುತ್ತವೆ ಮತ್ತು ನಡುವಿನ ದಶಕಗಳಲ್ಲಿ ತೆಳುವಾಗುತ್ತವೆ. ವಾಸನೆಯಿಂದ ಎಚ್ಚೆತ್ತ ನೆನಪುಗಳಾದರೆ ಇನ್ನೂ ಹಿಂದಕ್ಕೆ, ಹತ್ತು ತುಂಬುವುದಕ್ಕೆ ಮುಂಚಿನ ಬಾಲ್ಯಕ್ಕೆ, ಹೋಗುವುದು ಹೆಚ್ಚು. ನಿಮ್ಮ ಬಚ್ಚಲೊಲೆಯ ಹೊಗೆ ಇಷ್ಟು ಗಟ್ಟಿಯಾಗಿ ಉಳಿದಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಕಾರಣದ ಬಗ್ಗೆ ಒಮ್ಮತವಿಲ್ಲ. ಮೊದಲ ಸಲ ನಡೆದದ್ದು ಚೆನ್ನಾಗಿ ನಾಟುತ್ತದೆ ಎಂದು ಕೆಲವರು, ನಾನು ಯಾರು ಎಂಬುದು ರೂಪುಗೊಳ್ಳುವ ವಯಸ್ಸಿನ ಸಂಗತಿಗಳನ್ನು ನಾವು ಮತ್ತೆ ಮತ್ತೆ ಹೇಳಿಕೊಳ್ಳುತ್ತೇವೆ ಎಂದು ಕೆಲವರು ವಾದಿಸುತ್ತಾರೆ. ನನಗೆ ಎರಡನೆಯದು ಹೆಚ್ಚು ಸರಿಯೆನ್ನಿಸುತ್ತದೆ, ಏಕೆಂದರೆ ಹಳೆಯ ಗೆಳೆಯರು ಸೇರಿದಾಗ ವಿದ್ಯಾರ್ಥಿನಿಲಯದ ಸುದ್ದಿ ಬರುತ್ತದೆಯೇ ಹೊರತು ನಲವತ್ತೆರಡನೆಯ ವಯಸ್ಸಿನ ಒಂದು ಮಂಗಳವಾರದ ಸುದ್ದಿ ಬರುವುದಿಲ್ಲ.

ನೀವು ಮಾಡುತ್ತಿರುವ ಕೆಲಸವನ್ನು ಹಗುರವಾಗಿ ಕಾಣಬೇಡಿ ಎಂಬ ಮಾತನ್ನೂ ಸೇರಿಸುತ್ತೇನೆ. ಮುದುಕರು ಹಳೆಯದನ್ನೇ ಮೆಲುಕು ಹಾಕಿದರೆ ನಮ್ಮಲ್ಲಿ ಅರವತ್ತರ ಅರಳುಮರಳು ಎಂದು ನಗುತ್ತಾರೆ. ಪಶ್ಚಿಮದ ವೈದ್ಯರೂ ಅದನ್ನು ಬುದ್ಧಿ ಮಂಕಾಗುವ ಲಕ್ಷಣವೆಂದೇ ನೋಡುತ್ತಿದ್ದ ಕಾಲದಲ್ಲಿ, 1963ರಲ್ಲಿ, ರಾಬರ್ಟ್ ಬಟ್ಲರ್ ಎಂಬ ಮನೋವೈದ್ಯರು ಇದು ಇಳಿವಯಸ್ಸಿನ ಸಹಜ ಪ್ರಕ್ರಿಯೆ, ಬಾಳಿನ ಲೆಕ್ಕವನ್ನು ತಾನೇ ನೋಡಿಕೊಳ್ಳುವ ಬಗೆ ಎಂದು ವಾದಿಸಿದರು. ಒಂದು ಸಲಹೆಯೂ ಇದೆ. ವಯಸ್ಸಿನ ಲೆಕ್ಕ ಬಿಟ್ಟು, ನೀವು ವಾಸವಾಗಿದ್ದ ಬಾಡಿಗೆ ಮನೆಗಳ ಲೆಕ್ಕದಲ್ಲಿ ಬರೆದು ನೋಡಿ. ಹಾಸನದ ಮನೆಯಲ್ಲಿ ನಲ್ಲಿ ಎಲ್ಲಿತ್ತು, ಜಗಲಿಗೆ ಬಿಸಿಲು ಯಾವ ಹೊತ್ತಿಗೆ ಬರುತ್ತಿತ್ತು ಎಂದು ಶುರುಮಾಡಿದರೆ ಉಳಿದದ್ದು ತಾನಾಗಿ ಹಿಂಬಾಲಿಸೀತು.

ಉತ್ತರ 2: ಗೃಹಿಣಿ, ಸಾಗರ

ಮೇಷ್ಟ್ರ ಬರಹವನ್ನು ಓದುತ್ತ ನನಗೆ ಬೇರೆಯೇ ವಿಚಾರ ಬಂತು. ಬಚ್ಚಲೊಲೆಯ ಸುಖ ಯಾರದು? ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟಿದವರು, ಹಂಡೆಗೆ ನೀರು ಹೊತ್ತು ತುಂಬಿದವರು, ಬೇಸಿಗೆಯಲ್ಲೇ ಹಲಸಿನ ಬೀಜಕ್ಕೆ ಕೆಮ್ಮಣ್ಣು ಸವರಿ ಮಳೆಗಾಲಕ್ಕೆಂದು ಕಾಪಿಟ್ಟವರು ಬೇರೆ ಯಾರೋ ಇದ್ದರಲ್ಲ, ಅವರ ನೋಟ್‌ಪುಸ್ತಕದಲ್ಲಿ ಆ ಸಂಜೆ ಯಾವ ಹೆಸರಿನಲ್ಲಿ ಇರುತ್ತಿತ್ತು?

ನನ್ನ ಬಾಲ್ಯದ ಬೇಸಿಗೆ ರಜೆ ಎಂದರೆ ಹಲಸಿನಕಾಯಿ ಹಪ್ಪಳ. ಕೈಗೆ ಎಣ್ಣೆ ಸವರಿಕೊಂಡು ಕಾಯಿ ಕೊಯ್ದರೂ ಮೇಣ ಅಂಟದೆ ಬಿಡುತ್ತಿರಲಿಲ್ಲ. ಸೊಳೆ ಬಿಡಿಸಿ, ಬೇಯಿಸಿ, ಜೀರಿಗೆ, ಉಪ್ಪು, ಖಾರ ಹಾಕಿ ಒರಳಲ್ಲಿ ಕುಟ್ಟಿ, ಉಂಡೆ ಮಾಡಿ, ಎಣ್ಣೆ ಸವರಿದ ಎರಡು ಹಾಳೆಗಳ ನಡುವೆ ಮಣೆಯಿಂದ ಒತ್ತಿ, ಚಾಪೆಯ ಮೇಲೆ ಹರಡುವಷ್ಟರಲ್ಲಿ ನಡು ಬಿದ್ದುಹೋಗುತ್ತಿತ್ತು. ಅಣ್ಣಂದಿರ ಪಾಲಿಗೆ ಬರುತ್ತಿದ್ದ ಕೆಲಸವೆಂದರೆ ಕಾಗೆ ಓಡಿಸುವುದು ಮತ್ತು ಕೊಬ್ಬರಿ ಎಣ್ಣೆ ಹಾಕಿಕೊಂಡು ಹಪ್ಪಳದ ಹಿಟ್ಟು ತಿನ್ನುವುದು. ಇಂದಿಗೂ ಅವರು ಆ ದಿನಗಳನ್ನು ಸ್ವರ್ಗವೆನ್ನುತ್ತಾರೆ. ನಾನು ಬೇಡವೆನ್ನುವುದಿಲ್ಲ, ಹಿಟ್ಟು ನನಗೂ ರುಚಿಯಾಗಿತ್ತು. ಆದರೆ ಅದು ನನ್ನ ಸ್ವರ್ಗವಾಗಿರಲಿಲ್ಲ.

ನನ್ನ ಸುಖಗಳೆಲ್ಲ ಮೇಷ್ಟ್ರು ಖಾಲಿ ಬಿಟ್ಟಿರುವ ವಯಸ್ಸಿನವೇ ಆಗಿವೆ. ಮಕ್ಕಳು ಶಾಲೆಗೆ, ಯಜಮಾನರು ಕಚೇರಿಗೆ ಹೊರಟ ಮೇಲೆ ಪಾತ್ರೆ ತೊಳೆಯುವುದನ್ನು ಹಾಗೆಯೇ ಬಿಟ್ಟು, ಒಂದು ಲೋಟ ಕಾಫಿ ಬೆರೆಸಿಕೊಂಡು, ಭದ್ರಾವತಿ ಆಕಾಶವಾಣಿ ಹಾಕಿ ಹಿತ್ತಿಲ ಬಾಗಿಲಿನ ಹೊಸ್ತಿಲ ಮೇಲೆ ಕೂರುತ್ತಿದ್ದೆ. ಹಾಡು ಯಾವುದಾದರೂ ಆಗುತ್ತಿತ್ತು. ನನ್ನನ್ನು ಯಾರೂ ಏನನ್ನೂ ಕೇಳದ ಅರ್ಧ ಗಂಟೆ ಅದು. ಅತ್ತೆಯವರಿಗೆ ಗೊತ್ತಾದರೂ ಅವರು ಆ ಹೊತ್ತಿಗೆ ಜಪಕ್ಕೆ ಕೂತು ಕಂಡೂ ಕಾಣದಂತೆ ಇರುತ್ತಿದ್ದರು. ಅವರಿಗೂ ಅಂಥ ಅರ್ಧ ಗಂಟೆ ಬೇಕಾಗಿತ್ತೆಂದು ಈಗ ತೋರುತ್ತದೆ. ಮೂವತ್ತೈದಕ್ಕೆ ಮೊದಲು ನನ್ನದೆನ್ನುವ ಹೊತ್ತೇ ನನಗಿರಲಿಲ್ಲ. ಆದ್ದರಿಂದ ಅಧ್ಯಾಪಕರು ಹೇಳಿದ ಲೆಕ್ಕಾಚಾರ ನಮ್ಮಂಥ ಹೆಂಗಸರಿಗೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬ ಅನುಮಾನ ನನಗಿದೆ.

ಉತ್ತರ 3: ಒಕ್ಕಲುತನದ ಮನೆಯವನು, ವಿಜಯಪುರ ಜಿಲ್ಲೆ

ನಮ್ಮ ಸಂಪ್ರದಾಯಗಳೂ ನಡುವಯಸ್ಸನ್ನು ಹಾರಿಸಿಯೇ ಹೋಗುತ್ತವೆ. ಶಾಸ್ತ್ರದವರು ಹೇಳುವ ಹದಿನಾರು ಸಂಸ್ಕಾರಗಳಲ್ಲಿ ಮದುವೆಯಾದ ಮೇಲೆ ವ್ಯಕ್ತಿಯ ಪಾಲಿಗೆ ಉಳಿಯುವುದು ಅಂತ್ಯಸಂಸ್ಕಾರವೊಂದೇ. ಅನುಕೂಲಸ್ಥರ ಮನೆಗಳಲ್ಲಿ ಅರವತ್ತಕ್ಕೆ ಷಷ್ಟ್ಯಬ್ದಿ, ಎಪ್ಪತ್ತಕ್ಕೆ ಭೀಮರಥ ಶಾಂತಿ, ಎಂಬತ್ತು ದಾಟಿ ಸಾವಿರ ಹುಣ್ಣಿಮೆ ಕಂಡವರಿಗೆ ಸಹಸ್ರಚಂದ್ರ ದರ್ಶನ ನಡೆಯುತ್ತವೆ. ಇಪ್ಪತ್ತೈದರಿಂದ ಅರವತ್ತರವರೆಗೆ ಮನುಷ್ಯನು ಬೇರೆಯವರ ತೊಟ್ಟಿಲು, ಬೇರೆಯವರ ಹಂದರಗಳ ಉಸಾಬರಿಯಲ್ಲೇ ಇರುತ್ತಾನೆ.

ಆದರೂ ಒಕ್ಕಲಿಗನಾಗಿ ನಾನು ಪೂರ್ತಿ ಒಪ್ಪಲಾರೆ. ನಮ್ಮ ಕಡೆ ಎಳ್ಳ ಅಮಾವಾಸ್ಯೆಗೆ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ, ಅಂದರೆ ಭೂತಾಯಿಗೆ ಎಡೆಯ ಅಡುಗೆಯನ್ನು ಹೊಲದಲ್ಲಿ ಎರಚುತ್ತೇವೆ. ಸಜ್ಜೆಯ ರೊಟ್ಟಿ, ಪುಂಡಿಪಲ್ಯ, ಎಣಗಾಯಿ, ಶೇಂಗಾದ ಹೋಳಿಗೆಗಳ ಬುತ್ತಿ ಬಿಚ್ಚಿ ಬನ್ನಿ ಗಿಡದ ಬುಡದಲ್ಲಿ ಉಣ್ಣುವಾಗ ಅಲ್ಲಿ ಹುಡುಗ, ಮುದುಕ, ನಡುವಯಸ್ಕ ಎಂಬ ಭೇದವೇ ಇರುವುದಿಲ್ಲ. ಅದಾದ ಮೇಲೆ ಜೋಳದ ತೆನೆ ಹಾಲುಗಟ್ಟಿದಾಗ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ, ಊದಿ, ಸೀತನಿ ತಿನ್ನುವ ಸುಖ ನನಗೆ ಹತ್ತನೆಯ ವಯಸ್ಸಿನಲ್ಲಿ ಎಷ್ಟಿತ್ತೋ ಐವತ್ತರಲ್ಲಿಯೂ ಅಷ್ಟೇ ಇತ್ತು. ಸಂಬಳದ ಕೆಲಸದವರ ವರ್ಷ ಹಣಕಾಸಿನ ಲೆಕ್ಕದಲ್ಲಿ ಸಾಗುತ್ತದೆ. ಹೊಲದವನ ವರ್ಷ ಸುಗ್ಗಿಯ ಲೆಕ್ಕದಲ್ಲಿ ಸಾಗುವುದರಿಂದ ಈ ಸುಖ ನನ್ನನ್ನು ಬಿಟ್ಟುಹೋಗಲಿಲ್ಲ ಎಂದುಕೊಂಡಿದ್ದೇನೆ. ಬೆಳೆ ಕೈಕೊಟ್ಟ ವರ್ಷಗಳನ್ನು ಇಲ್ಲಿ ಬರೆಯುವುದಿಲ್ಲ, ಅದು ಬೇರೆ ಪುಸ್ತಕಕ್ಕೆ ಸೇರಿದ್ದು.

ಉತ್ತರ 4: ನಲವತ್ತರ ಆಚೆಯವನು, ನ್ಯೂಜೆರ್ಸಿ

ಹಿರಿಯರೇ, ನೀವು ಖಾಲಿಯೆನ್ನುವ ಹಾಳೆಗಳಲ್ಲೇ ಸದ್ಯಕ್ಕೆ ನಾನಿದ್ದೇನೆ. ಆದ್ದರಿಂದ ನನ್ನ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ, ತಂದೆಯವರ ಬಗ್ಗೆ ಒಂದು ಮಾತಿದೆ. ದಾವಣಗೆರೆಯಲ್ಲಿ ನೌಕರಿಯಲ್ಲಿದ್ದಾಗ ಅವರು ಭಾನುವಾರ ಬೆಳಿಗ್ಗೆ ಹಳೆಯ ಬನಿಯನ್ನಿನ ತುಂಡು ಹಿಡಿದು ಬಜಾಜ್ ಸ್ಕೂಟರ್ ಒರೆಸಲು ಕೂರುತ್ತಿದ್ದರು. ಸ್ಪಾರ್ಕ್ ಪ್ಲಗ್ ಬಿಚ್ಚಿ ಉಪ್ಪುಕಾಗದದಿಂದ ಉಜ್ಜಿ, ಬಾಯಿಂದ ಊದಿ, ಬಿಸಿಲಿಗೆ ಹಿಡಿದು ನೋಡುವಾಗ ಅವರ ಮುಖದಲ್ಲಿರುತ್ತಿದ್ದ ನೆಮ್ಮದಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಗಾಡಿ ಹೊರಡದಿದ್ದರೆ ಅದನ್ನು ಪಕ್ಕಕ್ಕೆ ವಾಲಿಸಿ ಒದೆಯುವ ಗೌರವ ನನಗೆ ಸಿಗುತ್ತಿತ್ತು. ಹೋದ ಸಲ ಊರಿಗೆ ಬಂದಾಗ ಇದನ್ನು ನೆನಪಿಸಿದೆ. ಸ್ಕೂಟರಿನ ಬೆಲೆ, ಅದನ್ನು ಮಾರಿದ ಬೆಲೆ ಎರಡನ್ನೂ ಅವರು ಸರಿಯಾಗಿ ಹೇಳಿದರು. ಭಾನುವಾರಗಳು ಮಾತ್ರ ಅವರಿಗೆ ಮರೆತೇಹೋಗಿವೆ.

ಆದ್ದರಿಂದ ಸುಖ ಇರಲಿಲ್ಲವೆಂದು ತೀರ್ಮಾನಿಸುವ ಮೊದಲು ನಿಮ್ಮ ಮಗಳನ್ನೇ ಒಮ್ಮೆ ಕೇಳಿ ನೋಡಿ. ಪುಸ್ತಕ ಬರೆಯಲು ಒತ್ತಾಯಿಸಿದವರು ಅವರೇ ಅಲ್ಲವೇ?

ಮತ್ತೆ: ನಿವೃತ್ತ ಮೇಷ್ಟ್ರು, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ಸಾಗರದ ತಾಯಿಯವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಸೌದೆ ಒಟ್ಟುತ್ತಿದ್ದವರು ನಮ್ಮ ದೊಡ್ಡಮ್ಮ ಮತ್ತು ಒಬ್ಬ ಆಳು. ಆ ಇಬ್ಬರ ಹೆಸರೂ ನನ್ನ ಪುಸ್ತಕದಲ್ಲಿ ಇರಲಿಲ್ಲ, ಈಗ ಅಂಚಿನಲ್ಲಿ ಸೇರಿಸಿದ್ದೇನೆ. ವಿಜಯಪುರದವರ ಮಾತು ನಿಜವಾದರೂ, ನಾನು ಹುಡುಕುತ್ತಿರುವುದು ಪಂಚಾಂಗದಲ್ಲಿ ಬರುವ ಸುಖವನ್ನಲ್ಲ, ಯಾವ ತಿಥಿಗೂ ಸೇರದ ಸುಖವನ್ನು.

ಮಗಳನ್ನು ಕೇಳಿದೆ. ಹಾಸನದಲ್ಲಿ ಮೌಲ್ಯಮಾಪನ ಮುಗಿಸಿ ಬರುವಾಗ ನಾನು ಎಳೆ ಸೌತೆಕಾಯಿ ತರುತ್ತಿದ್ದೆನಂತೆ. ಕೆಂಪು ಶಾಯಿ ಮೆತ್ತಿದ ಕೈಯಿಂದಲೇ ಅದನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ ಉಪ್ಪುಖಾರ ಸವರಿ, ಮೊದಲ ತುಂಡನ್ನು ಯಾರಿಗೂ ಕೊಡದೆ ನಾನೇ ತಿನ್ನುತ್ತಿದ್ದೆನಂತೆ. ನನಗೆ ಇದಾವುದೂ ನೆನಪಿಲ್ಲ. ಆದರೂ ಆ ಮನೆಯ ಹೆಸರಿನಲ್ಲಿ ಹೊಸ ಹಾಳೆ ತೆರೆದು, ಮಗಳು ಹೇಳಿದ್ದು ಎಂದು ಸೂಚಿಸಿ ಬರೆದುಕೊಂಡಿದ್ದೇನೆ. ಚಿಕ್ಕಮಗಳೂರಿನ ಮನೆಯ ಬಗ್ಗೆ ಮಗನನ್ನು ಕೇಳಬೇಕು. ಆಗ ಅವಳು ಇನ್ನೂ ತೊಟ್ಟಿಲಲ್ಲಿದ್ದಳು.