ಲೋಡ್ ಬ್ಯಾಲೆನ್ಸರ್ ಹೆಲ್ತ್ ಚೆಕ್: ಸುಮಾ ಮೇಡಂಗೆ ಕೇಳಿ

ಅಡ್ಮಿನ್: ಈ ಶನಿವಾರದ ವಿಷಯ, ಲೋಡ್ ಬ್ಯಾಲೆನ್ಸರ್ (ಬಂದ ಜನರನ್ನು ಹಲವು ಸರ್ವರ್‌ಗಳಿಗೆ ಹಂಚುವುದು) ಹಿಂದೆ ಇರುವ ಸರ್ವರ್‌ಗಳ ಹೆಲ್ತ್ ಚೆಕ್, ಅಂದರೆ ಸರ್ವರ್ ಸರಿ ಇದೆಯಾ ಅಂತ ಅದು ಆಗಾಗ ಕೇಳಿ ನೋಡುವುದು. ಸುಮಾ ಮೇಡಂಗೆ ಇದೇ ಕೆಲಸ, ಬಿಡುವಾದಾಗ ಉತ್ತರ ಬರೆಯುತ್ತಾರೆ. ಯಾವ ಕ್ಲೌಡ್, ಈಗ ಏನು ಸೆಟ್ಟಿಂಗ್ ಇದೆ ಅಂತ ಬರೆದು ಕೇಳಿ. ಪಾಸ್‌ವರ್ಡ್, ಕೀ ಯಾರೂ ಹಾಕಬೇಡಿ.

ಕರಾವಳಿ ಕೋಡರ್: ನಮಸ್ಕಾರ ಮೇಡಂ. ಅಮೆಜಾನ್ ಕ್ಲೌಡ್ ಎಡಬ್ಲ್ಯುಎಸ್, ಅದರ ಲೋಡ್ ಬ್ಯಾಲೆನ್ಸರ್ ಎಎಲ್‌ಬಿ. ಸರ್ವರ್ ಐಪಿ ಹಾಕಿದರೆ ಬ್ರೌಸರ್‌ನಲ್ಲಿ ಸೈಟ್ ಬರುತ್ತದೆ. ಟಾರ್ಗೆಟ್ ಗ್ರೂಪ್‌ನಲ್ಲಿ (ಎಎಲ್‌ಬಿ ಹಿಂದಿನ ಸರ್ವರ್ ಪಟ್ಟಿ) ಮಾತ್ರ ಅನ್‌ಹೆಲ್ದಿ, ಕೋಡ್ 301 ಅಂತ ತೋರಿಸುತ್ತದೆ.

ಸುಮಾ: ನಮಸ್ಕಾರ. 301 ಅಂದರೆ ಬೇರೆ ವಿಳಾಸಕ್ಕೆ ಹೋಗಿ ಅಂತ. ನಿಮ್ಮ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್ ಎಚ್‌ಟಿಟಿಪಿಯಲ್ಲಿ ಬಂದವರನ್ನೆಲ್ಲ ಎಚ್‌ಟಿಟಿಪಿಎಸ್‌ಗೆ ತಿರುಗಿಸುತ್ತಿದೆ. ಬ್ರೌಸರ್ ತಿರುಗಿ ಹೋಗುತ್ತದೆ, ಎಎಲ್‌ಬಿ ಚೆಕ್ ಹೋಗುವುದಿಲ್ಲ. ಅದಕ್ಕೆ ಬೇಕಾದ್ದು 200, ಅಂದರೆ ಸರಿ ಇದೆ ಎಂಬ ಉತ್ತರ. ಚೆಕ್‌ಗೆ ಅಂತಲೇ /ಹೆಲ್ತ್ ಪಾಥ್ ಮಾಡಿ, ಅದೊಂದಕ್ಕೆ ರೀಡೈರೆಕ್ಟ್ ತೆಗೆಯಿರಿ. ಸಕ್ಸೆಸ್ ಕೋಡ್‌ಗೆ 301 ಸೇರಿಸಿದರೂ ಹಸಿರು ಬರುತ್ತದೆ ನಿಜ, ಆದರೆ ಆಗ ಉತ್ತರ ಕೊಡುತ್ತಿರುವುದು ಎನ್‌ಜಿನ್‌ಎಕ್ಸ್, ಅದರ ಹಿಂದಿನ ಆ್ಯಪ್ ಸತ್ತಿದ್ದರೂ ನಿಮಗೆ ತಿಳಿಯುವುದಿಲ್ಲ.

ಬಯಲುಸೀಮೆ: ನಮ್ಮ ಆ್ಯಪ್ ಜಾಂಗೋದಲ್ಲಿದೆ (ಪೈಥಾನ್‌ನ ವೆಬ್ ಚೌಕಟ್ಟು) ಮೇಡಂ, ಚೆಕ್‌ಗೆ 400 (ರಿಕ್ವೆಸ್ಟ್ ಸರಿ ಇಲ್ಲ) ಬರುತ್ತಿದೆ.

ಸುಮಾ: ಚೆಕ್ ಬರುವಾಗ ಹೋಸ್ಟ್ ಹೆಡರ್‌ನಲ್ಲಿ (ಯಾವ ಸೈಟ್ ಬೇಕು ಎಂದು ಹೇಳುವ ಸಾಲು) ನಿಮ್ಮ ಡೊಮೇನ್ ಇರುವುದಿಲ್ಲ, ಸರ್ವರ್‌ನ ಪ್ರೈವೇಟ್ ಐಪಿ ಇರುತ್ತದೆ. ಜಾಂಗೋ ಒಪ್ಪುವ ಹೆಸರುಗಳ ಅಲೌಡ್ ಹೋಸ್ಟ್ಸ್ ಪಟ್ಟಿಯಲ್ಲಿ ಅದಿಲ್ಲ, ಅದಕ್ಕೇ 400. ಪಟ್ಟಿಗೆ ನಕ್ಷತ್ರ ಹಾಕಿ ಎಲ್ಲರನ್ನೂ ಒಳಗೆ ಬಿಡಬೇಡಿ. ಮಿಡಲ್‌ವೇರ್‌ನಲ್ಲಿ (ರಿಕ್ವೆಸ್ಟ್ ಆ್ಯಪ್ ಮುಟ್ಟುವ ಮೊದಲು ಹಾಯುವ ಕೋಡ್) ಎಲ್ಲಕ್ಕಿಂತ ಮೊದಲೇ /ಹೆಲ್ತ್‌ಗೆ ಉತ್ತರ ಕೊಟ್ಟುಬಿಡಿ.

ಹಾಸನದವ: ಮೇಡಂ, ಸ್ವಲ್ಪ ದೊಡ್ಡ ಕಥೆ. ನಾವು ಒಂದು ಶಿಕ್ಷಣ ಸಂಸ್ಥೆಗೆ ಫಲಿತಾಂಶದ ಸೈಟ್ ನಡೆಸುತ್ತೇವೆ. ಎಎಲ್‌ಬಿ ಹಿಂದೆ ಆರು ಸರ್ವರ್, ಆಟೋ ಸ್ಕೇಲಿಂಗ್‌ನಲ್ಲಿ (ಹೊರೆ ನೋಡಿ ಸರ್ವರ್ ತಾನಾಗಿಯೇ ಹೆಚ್ಚುವುದು) ಹನ್ನೆರಡರ ತನಕ ಹೋಗಬಹುದು. ಡೇಟಾಬೇಸ್ ಒಂದೇ, ಪೋಸ್ಟ್‌ಗ್ರೆಸ್. /ಹೆಲ್ತ್ ಡೇಟಾಬೇಸ್‌ಗೆ ಒಂದು ಕ್ವೆರಿ ಕಳಿಸಿ ಉತ್ತರ ಬಂದರೆ 200 ಕೊಡುತ್ತದೆ. ಇಂಟರ್ವಲ್ 10 (ಎಷ್ಟು ಸೆಕೆಂಡಿಗೊಮ್ಮೆ ಚೆಕ್), ಟೈಮ್‌ಔಟ್ 5 (ಉತ್ತರಕ್ಕೆ ಎಷ್ಟು ಸೆಕೆಂಡ್ ಕಾಯುವುದು), ಅನ್‌ಹೆಲ್ದಿ ಥ್ರೆಶೋಲ್ಡ್ 2 (ಎಷ್ಟು ಸಲ ತಪ್ಪಿದರೆ ಕೆಂಪು). ಸ್ಕೇಲಿಂಗ್ ಗ್ರೂಪ್‌ನಲ್ಲಿ ಇಎಲ್‌ಬಿ (ಎಎಲ್‌ಬಿ ಕೂಡ ಇದರಲ್ಲೇ ಒಂದು ಬಗೆ) ಹೆಲ್ತ್ ಚೆಕ್ ಆನ್, ಗ್ರೇಸ್ ಪೀರಿಯಡ್ (ಹೊಸ ಸರ್ವರ್‌ಗೆ ಕೊಡುವ ಬಿಡುವು) 60 ಸೆಕೆಂಡ್. ಹೊಸ ಸರ್ವರ್ ಏಳಲು ನಾಲ್ಕು ನಿಮಿಷ ಬೇಕು. ಪ್ರತಿ ಸರ್ವರ್‌ನಲ್ಲೂ ಕನೆಕ್ಷನ್ ಪೂಲ್ (ಡೇಟಾಬೇಸ್‌ಗೆ ತೆರೆದಿಟ್ಟ ಸಂಪರ್ಕಗಳು) 20. ಹೋದ ಸಲ ಫಲಿತಾಂಶ ಬಿಟ್ಟ ತಕ್ಷಣ ಎಲ್ಲ ಸರ್ವರ್ ಒಂದಾದ ಮೇಲೊಂದು ಟರ್ಮಿನೇಟ್ ಆದವು, ಹೊಸದು ಬಂದು ಅವೂ ಹೋದವು. ಮಧ್ಯಾಹ್ನದವರೆಗೆ ಸೈಟ್ ಏಳಲಿಲ್ಲ. ಮುಂದಿನ ವಾರ ಪೂರಕ ಪರೀಕ್ಷೆಯ ಫಲಿತಾಂಶ. ಸರ್ವರ್ ಸೈಜ್ ದೊಡ್ಡದು ಮಾಡಿದರೆ ಸಾಕಾ?

ರಾಗಿಮುದ್ದೆ: ಹಾಸನದವರೇ, ಇದು ಬೇರೆ ಗ್ರೂಪಿನಲ್ಲಿ ಬಂದದ್ದು, ನೋಡಿ: "ಇಂಟರ್ವಲ್ 5, ಟೈಮ್‌ಔಟ್ 60, ಸಕ್ಸೆಸ್ ಕೋಡ್ 200-499 ಇಡಿ. ಗಂಟೆಗೊಮ್ಮೆ ಕ್ರಾನ್‌ನಲ್ಲಿ ಆ್ಯಪ್ ರೀಸ್ಟಾರ್ಟ್ ಮಾಡಿ. ಅನ್‌ಹೆಲ್ದಿ ಸಮಸ್ಯೆ ಮತ್ತೆ ಬರೋಲ್ಲ. ಎಲ್ಲರಿಗೂ ಹಂಚಿ."

ಸುಮಾ: ರಾಗಿಮುದ್ದೆಯವರೇ, ಹಂಚುವ ಮೊದಲು ಒಮ್ಮೆ ಹಾಕಿ ನೋಡಿ. ಟೈಮ್‌ಔಟ್ ಇಂಟರ್ವಲ್‌ಗಿಂತ ಕಡಿಮೆ ಇರಬೇಕು, ಎಎಲ್‌ಬಿ ಈ ಸೆಟ್ಟಿಂಗನ್ನು ಸೇವ್ ಮಾಡಲೂ ಬಿಡುವುದಿಲ್ಲ. 499 ತನಕ ಒಪ್ಪಿದರೆ 404 (ಪುಟ ಸಿಗಲಿಲ್ಲ) ಕೊಡುವ ಸರ್ವರ್ ಕೂಡ ಹೆಲ್ದಿ, ಅಂದರೆ ಅರ್ಧ ಡಿಪ್ಲಾಯ್ ಆದ ಖಾಲಿ ಸರ್ವರ್‌ಗೂ ಜನ ಹೋಗುತ್ತಾರೆ.

ಹಾಸನದವರಿಗೆ ಉದ್ದವಾಗಿಯೇ ಬರೆಯುತ್ತೇನೆ, ಇದು ಹಾಗೇ ಬಿಡುವ ವಿಷಯ ಅಲ್ಲ. ಸರ್ವರ್ ದೊಡ್ಡದು ಮಾಡಿದರೆ ಏನೂ ಪ್ರಯೋಜನ ಆಗುವುದಿಲ್ಲ. ಅವತ್ತು ಎಲ್ಲರೂ ಒಟ್ಟಿಗೆ ಬಂದಾಗ ಡೇಟಾಬೇಸ್ ನಿಧಾನವಾಗಿದೆ, ಸತ್ತಿಲ್ಲ. /ಹೆಲ್ತ್ ಕೂಡ ಅದೇ ಪೂಲ್‌ನಲ್ಲಿ ಎಲ್ಲರ ಹಿಂದೆ ಸರದಿಗೆ ನಿಂತಿದೆ. ಎರಡು ಸಲ ಐದು ಸೆಕೆಂಡ್ ದಾಟಿದೆ, ಇಪ್ಪತ್ತು ಸೆಕೆಂಡ್ ಆಸುಪಾಸಿನಲ್ಲಿ ಆರೂ ಕೆಂಪು. ಆರಕ್ಕೂ ಡೇಟಾಬೇಸ್ ಒಂದೇ ಇರುವಾಗ ಚೆಕ್ ಅದನ್ನು ಮುಟ್ಟಿದರೆ ಎಲ್ಲವೂ ಒಟ್ಟಿಗೇ ಬೀಳಬೇಕು, ಬೇರೆ ದಾರಿಯೇ ಇಲ್ಲ. ಇಷ್ಟಕ್ಕೇ ನಿಂತಿದ್ದರೆ ನಡೆಯುತ್ತಿತ್ತು. ಎಎಲ್‌ಬಿಗೆ ಎಲ್ಲ ಟಾರ್ಗೆಟ್ ಅನ್‌ಹೆಲ್ದಿ ಕಂಡರೆ ಎಲ್ಲಕ್ಕೂ ಟ್ರಾಫಿಕ್ ಕಳಿಸುತ್ತದೆ, ಫೇಲ್ ಓಪನ್ ಅಂತಾರೆ, ಮಕ್ಕಳಿಗೆ ಪುಟ ತಡವಾಗಿಯಾದರೂ ಸಿಗುತ್ತಿತ್ತು. ಆದರೆ ನೀವು ಸ್ಕೇಲಿಂಗ್ ಗ್ರೂಪ್‌ಗೆ ಇಎಲ್‌ಬಿ ಮಾತು ನಂಬು ಅಂತ ಹೇಳಿದ್ದೀರಿ. ಅದು ಕೆಂಪು ಕಂಡದ್ದನ್ನೆಲ್ಲ ಟರ್ಮಿನೇಟ್ ಮಾಡಿತು. ನೆಗಡಿ ಬಂತು ಅಂತ ಮೂಗು ಕೊಯ್ದ ಹಾಗೆ. ಹೊಸದು ಏಳಲು ನಾಲ್ಕು ನಿಮಿಷ, ಗ್ರೇಸ್ ಒಂದೇ ನಿಮಿಷ, ಆದ್ದರಿಂದ ಅವು ಪೂರ್ತಿ ಏಳುವ ಮೊದಲೇ ಹೋದವು. ಹೇಗೋ ಎದ್ದವಕ್ಕೂ ಕ್ಯಾಶ್ ಖಾಲಿ, ಡೇಟಾಬೇಸ್ ಮೇಲೆ ಇನ್ನೂ ಜಾಸ್ತಿ ಹೊರೆ.

ಇವತ್ತೇ ಸ್ಕೇಲಿಂಗ್ ಗ್ರೂಪ್‌ನಲ್ಲಿ ಇಎಲ್‌ಬಿ ಚೆಕ್ ಆಫ್ ಮಾಡಿ, ಇಸಿ2 ಚೆಕ್ (ಸರ್ವರ್ ಯಂತ್ರ ನಡೆಯುತ್ತಿದೆಯಾ ಅಂತ ಮಾತ್ರ ನೋಡುವುದು) ಸಾಕು. ಟ್ರಾಫಿಕ್ ನಿಲ್ಲಿಸುವ ಕೆಲಸ ಎಎಲ್‌ಬಿ ಮಾಡಲಿ, ಕೊಲ್ಲುವುದು ಬೇಡ. ಒಪ್ಪದ ಮ್ಯಾನೇಜರ್ ಇದ್ದರೆ ಫಲಿತಾಂಶದ ದಿನದ ಮಟ್ಟಿಗೆ ಕೆಟ್ಟ ಸರ್ವರ್ ಬದಲಿಸುವ ರೀಪ್ಲೇಸ್ ಅನ್‌ಹೆಲ್ದಿ ಪ್ರೋಸೆಸ್ ಸಸ್ಪೆಂಡ್ ಮಾಡಿಡಿ. ಗ್ರೇಸ್ ಹೇಗಿದ್ದರೂ 300 ಮಾಡಿ. /ಹೆಲ್ತ್‌ನಿಂದ ಡೇಟಾಬೇಸ್ ಕ್ವೆರಿ ತೆಗೆಯಿರಿ. ಆ ಕ್ವೆರಿ ಬೇರೆ ಪಾಥ್‌ಗೆ ಹೋಗಲಿ, ಅದು ನಿಮ್ಮ ಅಲಾರಂಗೆ, ಲೋಡ್ ಬ್ಯಾಲೆನ್ಸರ್‌ಗೆ ಅಲ್ಲ.

ಇಷ್ಟು ಮಾಡಿ ಜನ ನಿಲ್ಲಿಸಿಬಿಡುತ್ತಾರೆ, ಅಲ್ಲೇ ಮತ್ತೆ ಸಿಕ್ಕಿಬೀಳುತ್ತಾರೆ. /ಹೆಲ್ತ್ ಡೇಟಾಬೇಸ್ ಮುಟ್ಟದಿದ್ದರೂ ಅದಕ್ಕೆ ಉತ್ತರ ಕೊಡಲು ಒಬ್ಬ ವರ್ಕರ್ (ರಿಕ್ವೆಸ್ಟ್ ನೋಡಿಕೊಳ್ಳುವ ಆ್ಯಪ್‌ನ ಪ್ರೋಸೆಸ್) ಖಾಲಿ ಇರಬೇಕು. ಎಲ್ಲ ವರ್ಕರ್‌ಗಳೂ ಡೇಟಾಬೇಸ್ ಉತ್ತರ ಕಾಯುತ್ತಾ ಕೂತಿದ್ದರೆ ಚೆಕ್ ಆಗಲೂ ಟೈಮ್‌ಔಟ್ ಆಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಸ್ಟೇಟ್‌ಮೆಂಟ್ ಟೈಮ್‌ಔಟ್ (ಒಂದು ಕ್ವೆರಿಗೆ ಕೊಡುವ ಸಮಯ) ಮೊದಲಿಗೆ 0 ಇರುತ್ತದೆ, ಅಂದರೆ ಮಿತಿಯೇ ಇಲ್ಲ. ಎರಡೋ ಮೂರೋ ಸೆಕೆಂಡ್ ಇಡಿ. ಆ ವಿದ್ಯಾರ್ಥಿಗೆ ಎರರ್ ಹೋಗುತ್ತದೆ, ವರ್ಕರ್ ಬಿಡುಗಡೆ ಆಗುತ್ತದೆ. ಪೂಲ್‌ನಲ್ಲಿ ಕನೆಕ್ಷನ್ ಸಿಗಲು ಕಾಯುವ ಹೊತ್ತಿಗೂ ಹಾಗೇ ಮಿತಿ ಹಾಕಿ. ಇನ್ನೊಂದು, ಪೂಲ್ 20 ಅಂದಿರಿ. ಆರು ಸರ್ವರ್‌ಗೆ 120, ಹನ್ನೆರಡಾದರೆ 240. ಪೋಸ್ಟ್‌ಗ್ರೆಸ್‌ನಲ್ಲಿ ಮ್ಯಾಕ್ಸ್ ಕನೆಕ್ಷನ್ಸ್ (ಒಟ್ಟಿಗೆ ಒಪ್ಪುವ ಸಂಪರ್ಕಗಳ ಮಿತಿ) ಎಷ್ಟಿದೆ ನೋಡಿ ಹೇಳಿ.

ಶಿರಸಿ ಅಡಿಕೆ: ಮೇಡಂ, ಟಿಸಿಪಿ ಚೆಕ್ (ಪೋರ್ಟ್‌ಗೆ ಸಂಪರ್ಕ ಆಗುತ್ತದಾ ಅಂತ ಮಾತ್ರ ನೋಡುವುದು) ಇಟ್ಟಿದ್ದೇವೆ. ಆ್ಯಪ್ ಹ್ಯಾಂಗ್ ಆದರೂ ಹಸಿರೇ ಇರುತ್ತದೆ.

ಸುಮಾ: ಕನೆಕ್ಷನ್ ಒಪ್ಪುವುದು ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು), ನಿಮ್ಮ ಆ್ಯಪ್ ಅಲ್ಲ. ಪೋರ್ಟ್ ತೆರೆದಿದ್ದರೆ ಪಾಸ್. ಎಚ್‌ಟಿಟಿಪಿ ಚೆಕ್‌ಗೆ ಬದಲಿಸಿ. ಲೀಸ್ಟ್ ಕನೆಕ್ಷನ್ಸ್ (ಕಡಿಮೆ ಸಂಪರ್ಕ ಇರುವ ಸರ್ವರ್‌ಗೆ ಕಳಿಸುವುದು) ಬಳಸುತ್ತಿದ್ದರೆ ಇನ್ನೂ ಬೇಗ ಬದಲಿಸಿ, ಯಾಕೆಂದರೆ ಕೆಟ್ಟ ಸರ್ವರ್ ಒಂದು ಕ್ಷಣದಲ್ಲಿ 500 (ಸರ್ವರ್ ಎರರ್) ಕೊಟ್ಟು ಕೈ ಖಾಲಿ ಮಾಡಿಕೊಳ್ಳುತ್ತದೆ, ಖಾಲಿ ಇದೆ ಅಂತ ಎಲ್ಲ ಟ್ರಾಫಿಕ್ಕೂ ಅದಕ್ಕೇ ಹೋಗುತ್ತದೆ.

ಮಲೆನಾಡು ಮಂಜು: ಎನ್‌ಜಿನ್‌ಎಕ್ಸ್‌ನಲ್ಲಿ ಹೆಲ್ತ್_ಚೆಕ್ ಅಂತ ಬರೆದರೆ ಅನ್‌ನೋನ್ ಡೈರೆಕ್ಟಿವ್ ಅನ್ನುತ್ತದೆ.

ಸುಮಾ: ಅದು ದುಡ್ಡು ಕೊಟ್ಟು ಕೊಳ್ಳುವ ಎನ್‌ಜಿನ್‌ಎಕ್ಸ್ ಪ್ಲಸ್‌ನಲ್ಲಿ. ಉಚಿತದ್ದರಲ್ಲಿ ಮ್ಯಾಕ್ಸ್_ಫೇಲ್ಸ್, ಫೇಲ್_ಟೈಮ್‌ಔಟ್ ಮಾತ್ರ.

ಕೆಆರ್ ಪೇಟೆ: ತಪ್ಪು. ನಮ್ಮ ಆಫೀಸಿನಲ್ಲಿ ಉಚಿತದ್ದೇ ಇದೆ, ಒಂದು ಸರ್ವರ್ ಬಿದ್ದರೆ ತಾನಾಗಿಯೇ ಬಿಟ್ಟುಬಿಡುತ್ತದೆ.

ಕರಾವಳಿ ಕೋಡರ್: ಸರ್, ಅದೇ ಮ್ಯಾಕ್ಸ್_ಫೇಲ್ಸ್. ನಿಜವಾದ ಗ್ರಾಹಕರ ರಿಕ್ವೆಸ್ಟ್ ಹೋಗಿ ಫೇಲ್ ಆದ ಮೇಲೆ 10 ಸೆಕೆಂಡ್ ಆ ಸರ್ವರ್ ಬಿಡುತ್ತದೆ, ಆಮೇಲೆ ಮತ್ತೆ ಅಲ್ಲಿಗೇ ಕಳಿಸಿ ನೋಡುತ್ತದೆ. ತಾನೇ ಮುಂಚೆ ಹೋಗಿ ವಿಚಾರಿಸುವುದಿಲ್ಲ.

ಕೆಆರ್ ಪೇಟೆ: ಫಲ ಒಂದೇ ಅಲ್ವಾ? ಸುಮ್ನೆ ಹೆಸರಿಗೆ ಯಾಕೆ ಜಗಳ? ಇದೆಲ್ಲ ಬೇಡ ಅಂದರೆ ಎಚ್‌ಎಪ್ರಾಕ್ಸಿ (ಇನ್ನೊಂದು ಉಚಿತ ಲೋಡ್ ಬ್ಯಾಲೆನ್ಸರ್) ಹಾಕಿ, ಚೆಕ್ ತಾನಾಗಿಯೇ ಬರುತ್ತದೆ.

ಶಿರಸಿ ಅಡಿಕೆ: ಅದೂ ಬರುವುದಿಲ್ಲ ಸರ್. ಸರ್ವರ್ ಸಾಲಿನ ಕೊನೆಗೆ ಚೆಕ್ ಅಂತ ಬರೆಯದಿದ್ದರೆ ಎಚ್‌ಎಪ್ರಾಕ್ಸಿ ಏನೂ ನೋಡುವುದಿಲ್ಲ, ಯಾವಾಗಲೂ ಅಪ್ ಅಂತಲೇ ಲೆಕ್ಕ. ಬರೆದರೆ 2 ಸೆಕೆಂಡಿಗೊಮ್ಮೆ, ಮೂರು ಸಲ ತಪ್ಪಿದರೆ ಡೌನ್, ಎರಡು ಸಲ ಸರಿ ಬಂದರೆ ಅಪ್. ಅದೂ ಬರೀ ಟಿಸಿಪಿ. ಎಚ್‌ಟಿಟಿಪಿ ಬೇಕಾದರೆ ಎಚ್‌ಟಿಟಿಪಿಚೆಕ್ ಆಪ್ಷನ್ ಬೇರೆ ಹಾಕಬೇಕು.

ಕೆಆರ್ ಪೇಟೆ: ಡಾಕ್ಯುಮೆಂಟ್ ಓದಿ ಹೇಳುವುದು ಸುಲಭ ಗುರು. ರಾತ್ರಿ ಎರಡು ಗಂಟೆಗೆ ಫೋನ್ ಬಂದಾಗ ಗೊತ್ತಾಗುತ್ತೆ.

ಕರಾವಳಿ ಕೋಡರ್: ಡಾಕ್ಯುಮೆಂಟ್ ಓದಿದ್ದರೆ ಫೋನ್ ಬರುತ್ತಿರಲಿಲ್ಲ.

ಅಡ್ಮಿನ್: ಇಬ್ಬರೂ ಪರ್ಸನಲ್ ಆಗಬೇಡಿ.

ತುಮಕೂರು ಟಿ: ಮೇಡಂ, ಗೂಗಲ್ ಕ್ಲೌಡ್ ಜಿಸಿಪಿಯಲ್ಲಿ ಎಲ್ಲ ಬ್ಯಾಕೆಂಡ್ ಸರ್ವರ್ ಅನ್‌ಹೆಲ್ದಿ. ಸರ್ವರ್ ಒಳಗಿಂದ ಕರ್ಲ್ ಕಮಾಂಡ್‌ನಲ್ಲಿ ಕೇಳಿದರೆ 200.

ಸುಮಾ: ಫೈರ್‌ವಾಲ್. ಚೆಕ್ ಬರುವ ವಿಳಾಸಗಳಾದ 35.191.0.0/16 ಮತ್ತು 130.211.0.0/22 ಒಳಗೆ ಬಿಡಿ.

ಬೆಳಗಾವಿ ಬಾಯ್: ಗೇಮ್ ಸರ್ವರ್‌ಗೆ ಯುಡಿಪಿ (ಟಿಸಿಪಿಯಂತೆ ಸಂಪರ್ಕ ಕಟ್ಟದೆ ಡೇಟಾ ಕಳಿಸುವ ವಿಧಾನ) ಬಳಸುತ್ತೇವೆ. ಅದಕ್ಕೆ ಹೆಲ್ತ್ ಚೆಕ್ ಹೇಗೆ ಮೇಡಂ?

ಕೋಲಾರ ಕ್ಲೌಡ್: ಮೈಕ್ರೋಸಾಫ್ಟ್ ಕ್ಲೌಡ್ ಅಜೂರ್‌ನಲ್ಲೂ ಅದೇ ತೊಂದರೆ. ಒಳಗೆ 200, ಹೊರಗೆ ಡೌನ್.

ಸುಮಾ: ಅಲ್ಲೂ ಫೈರ್‌ವಾಲೇ. ಅಜೂರ್ ಚೆಕ್ ಬರುವ ವಿಳಾಸ 168.63.129.16 ಬ್ಲಾಕ್ ಮಾಡಿದ್ದೀರಿ.

ರಾಗಿಮುದ್ದೆ: ನನಗೆ ಕಳಿಸಿದವರು 15 ವರ್ಷ ಅನುಭವ ಇರುವವರು ಮೇಡಂ. ಟೈಮ್‌ಔಟ್ ಬಿಡಿ, ಗಂಟೆಗೊಮ್ಮೆ ರೀಸ್ಟಾರ್ಟ್ ಮಾಡಿದರೆ ತಪ್ಪೇನು?

ಸುಮಾ: ಎಲ್ಲ ಸರ್ವರ್‌ನಲ್ಲೂ ಕ್ರಾನ್ ಒಂದೇ ನಿಮಿಷಕ್ಕೆ ಓಡುತ್ತದೆ, ಎಲ್ಲ ಒಟ್ಟಿಗೆ ಬೀಳುತ್ತವೆ. ಮೆಮೊರಿ ಸೋರುತ್ತಿದ್ದರೆ ಅದನ್ನು ಹುಡುಕಿ. ಫಾರ್ವರ್ಡ್ ಮೆಸೇಜಿಗೆ ಇದೇ ಕೊನೆಯ ಉತ್ತರ, ಇನ್ನೊಂದು ಬಂದರೆ ಅಡ್ಮಿನ್ ತೆಗೆಯಲಿ.

ಬೀದರ್ ಬೈಟ್ಸ್: ಕುಬರ್ನೆಟೀಸ್‌ನಲ್ಲಿ (ಕಂಟೇನರ್‌ಗಳಲ್ಲಿ ಆ್ಯಪ್ ನಡೆಸುವ ವ್ಯವಸ್ಥೆ) ಲೈವ್‌ನೆಸ್, ರೆಡಿನೆಸ್ ಎಂಬ ಎರಡು ಚೆಕ್‌ಗೂ ಒಂದೇ ಪಾಥ್ ಕೊಡಬಹುದಾ? ಡೇಟಾಬೇಸ್ ನೋಡುತ್ತದೆ.

ಸುಮಾ: ಬೇಡ. ರೆಡಿನೆಸ್ ಫೇಲ್ ಆದರೆ ಟ್ರಾಫಿಕ್ ನಿಲ್ಲುತ್ತದೆ, ಲೈವ್‌ನೆಸ್ ಫೇಲ್ ಆದರೆ ಕಂಟೇನರ್ ರೀಸ್ಟಾರ್ಟ್. ಏನೂ ಬರೆಯದಿದ್ದರೆ ಟೈಮ್‌ಔಟ್ 1 ಸೆಕೆಂಡ್ ಮಾತ್ರ. ಹಾಸನದವರಿಗೆ ಬರೆದದ್ದನ್ನು ಓದಿ.

ದಾವಣಗೆರೆ ದೋಸೆ: ಮೇಡಂ, ಎಎಲ್‌ಬಿಯಲ್ಲಿ 301 ಬರುತ್ತಿದೆ, ಏನು ಮಾಡಬೇಕು?

ಸುಮಾ: ಮೊದಲ ಪ್ರಶ್ನೆ ನೋಡಿ.

ದಾವಣಗೆರೆ ದೋಸೆ: ಇಷ್ಟು ಉದ್ದ ಓದಲು ಟೈಮ್ ಇಲ್ಲ ಮೇಡಂ, ಒಂದೇ ಸಾಲಲ್ಲಿ ಹೇಳಿದರೆ ಏನು ಕಷ್ಟ?

ಶಿರಸಿ ಅಡಿಕೆ: ಓದಲು ನಿಮಗೆ ಟೈಮ್ ಇಲ್ಲ, ಮತ್ತೆ ಬರೆಯಲು ಅವರಿಗೆ ಇರಬೇಕಾ?

ಹಾಸನದವ: ಮೇಡಂ, ಮ್ಯಾಕ್ಸ್ ಕನೆಕ್ಷನ್ಸ್ 200 ಇದೆ. ಇಎಲ್‌ಬಿ ಚೆಕ್ ಆಫ್ ಮಾಡಿದೆ, ಗ್ರೇಸ್ 300 ಮಾಡಿದೆ. ಸ್ಟೇಟ್‌ಮೆಂಟ್ ಟೈಮ್‌ಔಟ್ ನಿಜವಾಗಲೂ 0 ಇತ್ತು.

ಸುಮಾ: ನೋಡಿದಿರಾ, ನಿಮ್ಮ ಸ್ಕೇಲಿಂಗ್ ಹತ್ತು ಸರ್ವರ್ ದಾಟಿದರೆ ಹೊಸದಕ್ಕೆ ಕನೆಕ್ಷನ್ನೇ ಸಿಗುವುದಿಲ್ಲ. ಪೂಲ್ 15ಕ್ಕೆ ಇಳಿಸಿ. ಹನ್ನೆರಡಕ್ಕೆ 180, ಉಳಿದದ್ದು ನೀವು ಒಳಗೆ ಹೋಗಿ ನೋಡಲು ಬೇಕು. ಸ್ಟೇಟ್‌ಮೆಂಟ್ ಟೈಮ್‌ಔಟ್ ಆ್ಯಪ್‌ನ ಯೂಸರ್‌ಗೆ ಮಾತ್ರ ಹಾಕಿ, ಬ್ಯಾಕಪ್ ಯೂಸರ್‌ಗೆ ಬೇಡ, ಬ್ಯಾಕಪ್ ಅರ್ಧಕ್ಕೆ ನಿಲ್ಲುತ್ತದೆ. ಮತ್ತೆ ಫಲಿತಾಂಶ ಒಮ್ಮೆ ಬಿಟ್ಟ ಮೇಲೆ ಬಹುತೇಕ ಬದಲಾಗದ ಡೇಟಾ, ಅದಕ್ಕೆ ಪ್ರತಿ ಸಲ ಡೇಟಾಬೇಸ್‌ಗೆ ಯಾಕೆ ಹೋಗಬೇಕು? ರೆಡಿಸ್‌ನಲ್ಲಿ (ಮೆಮೊರಿಯಲ್ಲಿ ಡೇಟಾ ಇಡುವ ಕ್ಯಾಶ್) ಹಿಂದಿನ ರಾತ್ರಿಯೇ ತುಂಬಿಡಿ. ಗುರುವಾರದೊಳಗೆ ಒಂದು ಲೋಡ್ ಟೆಸ್ಟ್ ಮಾಡಿ, ನಡುವೆ ಡೇಟಾಬೇಸನ್ನು ಬೇಕಂತಲೇ ನಿಧಾನ ಮಾಡಿ, ಸರ್ವರ್ ಯಾವುದಾದರೂ ಟರ್ಮಿನೇಟ್ ಆಯಿತಾ ನೋಡಿ. ಆಗಿದ್ದರೆ ಲಾಗ್ ಹಾಕಿ, ನೋಡುತ್ತೇನೆ.

ಬೆಳಗಾವಿ ಬಾಯ್: ಮೇಡಂ, ಯುಡಿಪಿ?

ಕೆಆರ್ ಪೇಟೆ: ಎಚ್‌ಎಪ್ರಾಕ್ಸಿ ಹಾಕಿ.

ಕರಾವಳಿ ಕೋಡರ್: ಅಯ್ಯೋ ದೇವರೇ, ಉಚಿತದ್ದು ಗೇಮ್‌ನ ಯುಡಿಪಿ ಹಂಚುವುದೇ ಇಲ್ಲ.

ಅಡ್ಮಿನ್: ಇವತ್ತಿಗೆ ಕಾಮೆಂಟ್ ಬಂದ್ ಮಾಡುತ್ತಿದ್ದೇನೆ.